ಘಾಟಿ ದಾಟಿದವರಿಗೂ ಜರ್ಮನಿಯಲ್ಲಿ ಪರೀಕ್ಷೆ

ನಿಟ್ಟೂರು ಕಡೆಯಿಂದ ಜರ್ಮನಿಗೆ ಹೊರಟ ಹುಡುಗರು ಫೋನ್ ಮಾಡಿದಾಗ ಡಿಎಲ್ ವಿಷಯ ಬಂದೇ ಬರುತ್ತದೆ. "ಅಕ್ಕಾ, ಇಂಟರ್‌ನ್ಯಾಷನಲ್ ಮಾಡಿಸಿದೀನಿ, ಒಂದು ವರ್ಷ ಚಿಂತೆ ಇಲ್ಲ ಅಲ್ವಾ?" ಚಿಂತೆ ಇದೆ. ಆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಪುಸ್ತಕ ನಮ್ಮ ಲೈಸೆನ್ಸಿನ ಅನುವಾದ, ಅಷ್ಟೆ. ಅದರಲ್ಲಿ ಒಂದು ವರ್ಷ ಎಂದು ಬರೆದಿದ್ದರೂ ಅಲ್ಲಿ ವಾಸ ಶುರುವಾಗಿ ಆರು ತಿಂಗಳಾದರೆ ಭಾರತದ ಲೈಸೆನ್ಸ್ ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳ ಗಡುವು.

ಜಪಾನಿನವರು, ದಕ್ಷಿಣ ಕೊರಿಯಾದವರು ತಮ್ಮ ಕಾರ್ಡ್ ಕೊಟ್ಟು ಪರೀಕ್ಷೆಯಿಲ್ಲದೆ ಜರ್ಮನಿಯದ್ದು ಪಡೆಯುತ್ತಾರೆ. ಆ ಪಟ್ಟಿಯಲ್ಲಿ ಭಾರತವಿಲ್ಲ. ನಮಗಿರುವ ರಿಯಾಯಿತಿ ಎಂದರೆ ಡ್ರೈವಿಂಗ್ ಸ್ಕೂಲಿನ ಕಡ್ಡಾಯ ತರಗತಿ ತಪ್ಪುವುದು. ಕಣ್ಣಿನ ತಪಾಸಣೆ, ಪ್ರಥಮ ಚಿಕಿತ್ಸೆ ತರಬೇತಿ, 30 ಪ್ರಶ್ನೆಗಳ ಪರೀಕ್ಷೆ, ಆಮೇಲೆ ರಸ್ತೆ ಪರೀಕ್ಷೆ ಯಾವುದೂ ತಪ್ಪದು. ಪ್ರಶ್ನೆಗಳು ಇಂಗ್ಲಿಷಿನಲ್ಲೂ ಸಿಗುತ್ತವೆ.

ನಾನು ಜರ್ಮನಿಯಲ್ಲಿ ಲೈಸೆನ್ಸ್ ಮಾಡಿಸುವಾಗ ನನ್ನನ್ನು ಸತಾಯಿಸಿದ್ದು ಇನಿಷಿಯಲ್. ಲೈಸೆನ್ಸಿನಲ್ಲಿ ಹೆಸರಿನ ಹಿಂದೆ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪಯ್ಯನ ಪೂರ್ತಿ ಹೆಸರು. ಇಬ್ಬರೂ ಒಬ್ಬಳೇ ಎಂದು ನಂಬಿಸುವಷ್ಟರಲ್ಲಿ ಸಾಕುಬೇಕಾಯಿತು. ಕೆಎ 15 ಲೈಸೆನ್ಸ್ ಇದ್ದವರು ಹೊರಡುವ ಮುಂಚೆ ಸಾಗರದ ಆರ್‌ಟಿಒದಲ್ಲಿ ಹೆಸರು ಸರಿಮಾಡಿಸಿಕೊಳ್ಳಿ. ಅವಧಿ ಮುಗಿಯುವಂತಿದ್ದರೆ ನವೀಕರಣವನ್ನೂ ಮುಗಿಸಿಬಿಡಿ.

ಇನ್ನು ಓಡಿಸುವ ಮಾತು. ಮಳೆಗಾಲದಲ್ಲಿ ನಾಗೋಡಿ ಮೇಲೆ ಕೊಲ್ಲೂರಿಗೆ ಘಾಟಿ ಇಳಿದವರ ಕೈ ಪಳಗಿರುತ್ತದೆ, ನಿಜ. ಆದರೆ ಪರೀಕ್ಷಕರ ಕಣ್ಣು ನಮ್ಮ ಕತ್ತಿನ ಮೇಲೆ! ಬಲಕ್ಕೋ ಎಡಕ್ಕೋ ತಿರುಗುವ ಮೊದಲು ಕನ್ನಡಿ ನೋಡಿದರೆ ಸಾಲದು, ಸೈಕಲ್ಲಿನವರು ಬರುತ್ತಿದ್ದಾರೆಯೇ ಎಂದು ಹೆಗಲ ಮೇಲಿಂದ ಹಿಂದೆ ನೋಡಲೇಬೇಕು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವರಿಗೆ ದಾರಿ, ಅವರು ಎಷ್ಟೇ ಸಣ್ಣ ಓಣಿಯಿಂದ ಬಂದಿರಲಿ. ನಮ್ಮಲ್ಲಿ ದೊಡ್ಡ ರಸ್ತೆಯವನೇ ಯಜಮಾನ. ತಿರುವಿನಲ್ಲಿ ಹಾರ್ನ್ ಹೊಡೆಯದೆ ಹೋಗುವುದು ಘಾಟಿಯಲ್ಲಿ ಅಪರಾಧ, ಜರ್ಮನಿಯಲ್ಲಿ ಕಾರಣವಿಲ್ಲದೆ ಹೊಡೆದರೆ ಅಪರಾಧ. ಕಡ್ಡಾಯವಲ್ಲದಿದ್ದರೂ ಒಂದಷ್ಟು ಕ್ಲಾಸಿಗೆ ದುಡ್ಡು ಕೊಟ್ಟೆ, ಅದು ದಂಡವಾಗಲಿಲ್ಲ.

ಜರ್ಮನಿಯ ಕಾರ್ಡ್ ಕೈಗೆ ಬರುವಾಗ ನಮ್ಮದನ್ನು ಅಲ್ಲಿ ಒಪ್ಪಿಸಬೇಕು. ಅದಕ್ಕೂ ಮೊದಲು ಎರಡೂ ಬದಿ ಜೆರಾಕ್ಸ್ ಮಾಡಿಟ್ಟುಕೊಳ್ಳಿ. ರಜೆಗೆ ಬಂದಾಗ ಊರಲ್ಲಿ ಕಾರು ಓಡಿಸುವ ಆಸೆಯಿದ್ದರೆ ಇಂಟರ್‌ನ್ಯಾಷನಲ್ ಪುಸ್ತಕವನ್ನು ಈ ಸಲ ಜರ್ಮನಿಯಲ್ಲಿ ಮಾಡಿಸಿಕೊಂಡು ಬರಬೇಕು.