ಕೇಕಿಗೆ ತೆಂಗಿನ ತುರಿಯ ಹೊದಿಕೆ

ತುಮಕೂರು, ಹಾಸನ ಜಿಲ್ಲೆಗಳ ತೋಟದ ಮನೆಗಳಲ್ಲಿ ತೆಂಗಿನಕಾಯಿಗೆ ಕೊರತೆಯಿಲ್ಲ. ಮನೆಯಲ್ಲೇ ಕೇಕ್ ತಯಾರಿಸಿ ಮಾರುವ ಮಹಿಳೆಯರು ಕಾಯಿತುರಿಯಿಂದ ರುಚಿಯಾದ ಹೊದಿಕೆ ಮಾಡಬಹುದು. ಆದರೆ ಹಸಿ ತಿರುಳಿನಲ್ಲಿ ಅರ್ಧಕ್ಕೆ ಸಮೀಪ ನೀರಿನಂಶವಿರುವುದರಿಂದ, ತುರಿಯನ್ನು ಹಾಗೆಯೇ ಹರಡಿದರೆ ಬೇಗ ಹಳಸುತ್ತದೆ. ಸಕ್ಕರೆಯೊಡನೆ ಕಾಯಿಸಿ ನೀರಿನಂಶ ತಗ್ಗಿಸುವುದೇ ಇಲ್ಲಿ ಮುಖ್ಯ.

ಬೇಕಾಗುವ ಪದಾರ್ಥಗಳು (ಅರ್ಧ ಕಿಲೋ ಕೇಕಿಗೆ): ಬಲಿತ ಕಾಯಿಯ ತುರಿ 150 ಗ್ರಾಂ, ಸಕ್ಕರೆ 150 ಗ್ರಾಂ, ಹಾಲು 150 ಮಿ.ಲೀ., ಬೆಣ್ಣೆ 25 ಗ್ರಾಂ, ಏಲಕ್ಕಿ 2.

ಮಾಡುವ ವಿಧಾನ: ತಿರುಳಿನ ಕಂದು ಸಿಪ್ಪೆ ತೆಗೆದು ತುರಿದರೆ ಹೊದಿಕೆ ಬೆಳ್ಳಗಿರುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಹಾಲು, ಸಕ್ಕರೆ ಕುದಿಸಿ, ತುರಿ ಮತ್ತು ಬೆಣ್ಣೆ ಹಾಕಿ, ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತಿರಬೇಕು. ಮಿಶ್ರಣವು ಗಟ್ಟಿಯಾಗಿ ಸೌಟಿನಿಂದ ಮೆಲ್ಲಗೆ ಜಾರುವಾಗ ಇಳಿಸಿ ಏಲಕ್ಕಿ ಪುಡಿ ಬೆರೆಸಬೇಕು. ತಳ ಬಿಡುವವರೆಗೆ ಕಾಯಿಸಿದರೆ ಕೊಬ್ಬರಿ ಮಿಠಾಯಿಯಂತಾಗಿ ಹರಡಲು ಬಾರದು. ಹಾಗಾದರೆ ಎರಡು ಚಮಚ ಬಿಸಿ ಹಾಲು ಸೇರಿಸಿ ಸಡಿಲಿಸಬೇಕು.

ಕೇಕ್ ಪೂರ್ತಿ ಆರಿದ ಮೇಲೆ ಉಗುರುಬೆಚ್ಚಗಿನ ಹೊದಿಕೆಯನ್ನು ಹರಡಬೇಕು. ಬಿಸಿ ಕೇಕಿನ ಮೇಲೆ ಹರಡಿದರೆ ಹೊದಿಕೆ ಇಳಿದುಹೋಗುತ್ತದೆ.

ಎಚ್ಚರಿಕೆ: ಕಾಯಿಸಿದ ಹೊದಿಕೆಯೂ ಹೆಚ್ಚು ದಿನ ಬಾಳುವುದಿಲ್ಲ. ಕೇಕನ್ನು ಅಂದೇ ಮಾರುವುದು ಒಳ್ಳೆಯದು. ಹುಳಿ ವಾಸನೆ ಬಂದರೆ ಬಿಸಾಡಬೇಕು. ಒಂದು ಕೇಕಿನ ನಷ್ಟ ಸಹಿಸಬಹುದು. ಗಿರಾಕಿಯ ನಂಬಿಕೆ ಹೋದರೆ ಮರಳಿ ಬಾರದು.