ಮನೆಯಲ್ಲಿ ಮೊಟ್ಟೆ: ನೀರಿನಲ್ಲಿ ಒಡೆದು ಬೇಯಿಸುವ ಕ್ರಮ

(ಗ್ರಾಮ ಪಂಚಾಯತ್ ಸದಸ್ಯರ ಅಧ್ಯಯನಕ್ಕಾಗಿ)

ಪೀಠಿಕೆ

ಗರ್ಭಿಣಿಯರು ಹಾಗೂ ಬಾಣಂತಿಯರ ಪೌಷ್ಟಿಕತೆಗಾಗಿ ‘ಮಾತೃಪೂರ್ಣ’ ಯೋಜನೆಯು 2017ರ ಅಕ್ಟೋಬರ್ 2ರಂದು ರಾಜ್ಯಾದ್ಯಂತ ಜಾರಿಗೆ ಬಂದಿತು. ಅದರ ಊಟದಲ್ಲಿ ಮೊಟ್ಟೆಗೂ ಸ್ಥಾನವಿದೆ. ಮೊಟ್ಟೆಯು ಅಂಗನವಾಡಿಯಿಂದ ದೊರೆತದ್ದಿರಲಿ, ಫರಂಗಿಪೇಟೆಯ ಅಂಗಡಿಯಿಂದ ತಂದದ್ದಿರಲಿ, ತಾಯಿಯು ಅದನ್ನು ಬೇಸರವಿಲ್ಲದೆ, ಸುರಕ್ಷಿತವಾಗಿ ತಿಂದಾಗ ಮಾತ್ರ ಉದ್ದೇಶ ಈಡೇರುತ್ತದೆ. ದಿನವೂ ಇಡಿಯಾಗಿ ಬೇಯಿಸಿದ ಮೊಟ್ಟೆ ಕೆಲವರಿಗೆ ಬೇಡವೆನಿಸುತ್ತದೆ. ಎಣ್ಣೆಯಲ್ಲಿ ಹುರಿದದ್ದು ಎದೆಯುರಿ ಇರುವವರಿಗೆ ಹಿಡಿಸದು. ಅಂಥವರಿಗೆ ನೀರಿನಲ್ಲಿ ಒಡೆದು ಬೇಯಿಸಿದ ಮೊಟ್ಟೆ ಒಪ್ಪುತ್ತದೆ. ಹೋಟೆಲುಗಳಲ್ಲಿ ಇದನ್ನು ಪೋಚ್ಡ್ ಎಗ್ ಎನ್ನುವರು. ಕುದಿಯುವ ಗಸಿಗೆ ಮೊಟ್ಟೆ ಒಡೆದು ಹಾಕುವ ಕರಾವಳಿಯ ಮನೆಗಳಿಗೆ ಈ ಕ್ರಮ ತೀರ ಹೊಸದೇನಲ್ಲ.

ಮೊಟ್ಟೆಯ ಆಯ್ಕೆ

ಹಳೆಯ ಮೊಟ್ಟೆಯ ಬಿಳಿಭಾಗ ತೆಳುವಾಗಿರುವುದರಿಂದ ನೀರಿನಲ್ಲಿ ಎಳೆಎಳೆಯಾಗಿ ಹರಡುತ್ತದೆ. ತಣ್ಣೀರಿನ ಪಾತ್ರೆಗೆ ಹಾಕಿದಾಗ ತಾಜಾ ಮೊಟ್ಟೆ ತಳದಲ್ಲಿ ಅಡ್ಡಲಾಗಿ ಮಲಗುತ್ತದೆ; ಹಳತಾದಂತೆ ನೆಟ್ಟಗೆ ನಿಲ್ಲುತ್ತದೆ; ತೇಲಿದರೆ ಬಳಸಬಾರದು. ಮೊಟ್ಟೆಗಳನ್ನು ಮೊದಲೇ ತೊಳೆದು ಶೇಖರಿಸಬಾರದು. ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ತೇವದೊಡನೆ ರೋಗಾಣುಗಳೂ ಒಳಸೇರಬಹುದು. ಮಳೆಗಾಲದಲ್ಲಿ ಈ ಎಚ್ಚರ ಹೆಚ್ಚು ಅಗತ್ಯ.

ಬೇಯಿಸುವ ಕ್ರಮ

1. ಅಗಲವಾದ ಪಾತ್ರೆಯಲ್ಲಿ ನಾಲ್ಕು ಬೆರಳಷ್ಟು ನೀರನ್ನು ಕುದಿಸಿ, ಅನಂತರ ಉರಿ ತಗ್ಗಿಸಬೇಕು. ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಸಾಕು. ನೀರು ಕೊತಕೊತ ಕುದಿದರೆ ಬಿಳಿಭಾಗ ಹರಿದುಹೋಗುತ್ತದೆ.
2. ಲೀಟರು ನೀರಿಗೆ ಒಂದು ಚಮಚ ವಿನೆಗರ್ ಅಥವಾ ನಿಂಬೆರಸ ಸೇರಿಸಬೇಕು. ಹುಳಿಯಿಂದ ಬಿಳಿಭಾಗ ಬೇಗ ಗಟ್ಟಿಯಾಗುತ್ತದೆ.
3. ಮೊಟ್ಟೆಯನ್ನು ಮೊದಲು ಸಣ್ಣ ಬಟ್ಟಲಿಗೆ ಒಡೆಯಬೇಕು. ಕೆಟ್ಟಿದ್ದರೆ ಅಲ್ಲಿಯೇ ತಿಳಿಯುತ್ತದೆ.
4. ಬಟ್ಟಲನ್ನು ನೀರಿನ ಮಟ್ಟಕ್ಕೆ ತಂದು ಮೆಲ್ಲನೆ ಜಾರಿಸಬೇಕು.
5. ಸುಮಾರು ಐದು ನಿಮಿಷ ಬೇಯಿಸಿ, ತೂತಿನ ಸೌಟಿನಿಂದ ತೆಗೆದು, ಬಿಸಿಯಿರುವಾಗಲೇ ತಿನ್ನಬೇಕು. ಗಂಜಿ, ಕುಚ್ಚಲಕ್ಕಿ ಅನ್ನ, ನೀರುದೋಸೆ ಇವುಗಳೊಂದಿಗೆ ಇದು ಹೊಂದುತ್ತದೆ.

ಮುಖ್ಯ ಎಚ್ಚರಿಕೆ

ಹೋಟೆಲುಗಳಲ್ಲಿ ಮೂರು ನಿಮಿಷಕ್ಕೇ ತೆಗೆದು, ಹಳದಿಭಾಗ ಹರಿಯುವಂತೆ ಬಡಿಸುವ ರೂಢಿಯಿದೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ, ವೃದ್ಧರಿಗೆ ಇದು ಸಲ್ಲದು. ಅರೆಬೆಂದ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಉಳಿದು, ವಾಂತಿ, ಭೇದಿ, ಜ್ವರ ಬರಬಹುದು. ಗರ್ಭಿಣಿಯ ದೇಹದ ನೀರಿನಂಶ ಕುಗ್ಗಿದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಬಿಳಿಭಾಗದಂತೆ ಹಳದಿಯೂ ಗಟ್ಟಿಯಾಗಿದೆಯೇ ಎಂದು ಚಮಚದಿಂದ ಬಿಡಿಸಿ ನೋಡುವುದೇ ಸರಿಯಾದ ಪರೀಕ್ಷೆ. ಹಸಿ ಮೊಟ್ಟೆ ಮುಟ್ಟಿದ ಕೈ, ಬಟ್ಟಲುಗಳನ್ನು ಸೋಪಿನಿಂದ ತೊಳೆಯಬೇಕು.

ಸದಸ್ಯರ ಪಾತ್ರ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಮೊದಲನೇ ಅನುಸೂಚಿಯು ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿಯನ್ನು ಗ್ರಾಮ ಪಂಚಾಯತಿಯ ಪ್ರಕಾರ್ಯಗಳಲ್ಲಿ ಸೇರಿಸಿದೆ. ಮಹಿಳಾ ಗ್ರಾಮ ಸಭೆಯಲ್ಲಿ ಈ ಕ್ರಮವನ್ನು ಅಂಗನವಾಡಿ ಕಾರ್ಯಕರ್ತೆಯರಿಂದ ಮಾಡಿ ತೋರಿಸಬಹುದು. ಒಂದು ಒಲೆ, ಒಂದು ಪಾತ್ರೆ ಸಾಕು. ಅತ್ತೆಯಂದಿರನ್ನೂ ಗಂಡಂದಿರನ್ನೂ ಕರೆಯುವುದು ಮುಖ್ಯ. ತಾಯಿಯ ಪಾಲಿನ ಮೊಟ್ಟೆ ಮನೆಮಂದಿಗೆಲ್ಲ ಹಂಚಿಹೋಗದೆ ಆಕೆಯ ತಟ್ಟೆಗೇ ಬರಬೇಕೆಂಬ ಮಾತನ್ನು ಅವರೆದುರಿನಲ್ಲಿಯೇ ಆಡಬೇಕು.