ಕಳೆದುಹೋದ ಮೊಬೈಲ್ ಫೋನ್ ಪತ್ತೆ ಮಾಡುವ ವಿಧಾನ



ಹಿಂದೆ ಹಸು ಬೆದೆಗೆ ಬಂದರೆ ಸಂಘದವರೆಗೆ ನಡೆದು ಹೋಗಿ ತಿಳಿಸಬೇಕಾಗಿತ್ತು. ಇಂದು ಕೊಟ್ಟಿಗೆಯಲ್ಲಿ ನಿಂತೇ ಕೃತಕ ಗರ್ಭಧಾರಣೆ ಕಾರ್ಯಕರ್ತರಿಗೆ ಫೋನ್ ಮಾಡುತ್ತೀರಿ. ಹಾಲಿನ ಬಟವಾಡೆ ಬ್ಯಾಂಕಿಗೆ ಜಮೆಯಾದ ಸಂದೇಶವೂ ಅದೇ ಫೋನಿಗೆ ಬರುತ್ತದೆ. ಆದ್ದರಿಂದ ಫೋನ್ ಕಳೆದರೆ ಆಗುವ ನಷ್ಟ ಅದರ ಬೆಲೆಯಷ್ಟೇ ಅಲ್ಲ. ಕರೆ ಮಾಡಲಾಗದೆ ಒಂದು ಬೆದೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಫೋನ್ ಕಳ್ಳರ ಕೈ ಸೇರಿದರೆ ಖಾತೆಯಲ್ಲಿರುವ ಹಣಕ್ಕೂ ಅಪಾಯ.

ಫೋನಿಗೂ ಒಂದು ಕಿವಿಯೋಲೆ ಸಂಖ್ಯೆ

ನಿಮ್ಮ ರಾಸಿನ ಕಿವಿಯೋಲೆಯಲ್ಲಿ 12 ಅಂಕಿಗಳ ಸಂಖ್ಯೆ ಇರುವುದನ್ನು ನೀವು ಬಲ್ಲಿರಿ. ಹಾಗೆಯೇ ಪ್ರತಿ ಮೊಬೈಲ್ ಫೋನಿಗೂ 15 ಅಂಕಿಗಳ ಗುರುತಿನ ಸಂಖ್ಯೆ ಇದೆ. ಇದಕ್ಕೆ ಐಎಂಇಐ ಸಂಖ್ಯೆ ಎನ್ನುತ್ತಾರೆ. ಸಿಮ್ ಬದಲಾಯಿಸಿದರೂ ಇದು ಬದಲಾಗುವುದಿಲ್ಲ. ಎರಡು ಸಿಮ್ ಹಾಕುವ ಫೋನಿನಲ್ಲಿ ಇಂತಹ ಎರಡು ಸಂಖ್ಯೆಗಳಿರುತ್ತವೆ. ಗುಂಡಿ ಒತ್ತುವ ಸಾದಾ ಫೋನಿಗೂ ಈ ಸಂಖ್ಯೆ ಉಂಟು.

ಕರೆ ಮಾಡುವಂತೆ *#06# ಎಂದು ಒತ್ತಿದರೆ ಈ ಸಂಖ್ಯೆ ಪರದೆಯ ಮೇಲೆ ಕಾಣುತ್ತದೆ. ಫೋನಿನ ಪೆಟ್ಟಿಗೆಯ ಮೇಲೂ ಮುದ್ರಿಸಿರುತ್ತಾರೆ. ಇದನ್ನು ಹಾಲಿನ ಪಾಸ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಫೋನಿನೊಳಗೇ ಬರೆದಿಟ್ಟರೆ ಪ್ರಯೋಜನವಿಲ್ಲ. ಓಲೆಯಿಲ್ಲದ ರಾಸಿಗೆ ವಿಮಾ ಪರಿಹಾರ ಸಿಗುವುದು ಹೇಗೆ ಕಷ್ಟವೋ, ಸಂಖ್ಯೆ ಗೊತ್ತಿಲ್ಲದ ಫೋನನ್ನು ಹುಡುಕುವುದೂ ಹಾಗೆಯೇ.

ಮೊದಲು ಸಮೀಪದಲ್ಲೇ ಹುಡುಕಿ

ಹಾಲು ಕರೆಯುವಾಗ, ಮೇವು ಹೊರುವಾಗ ಬಗ್ಗಿದರೆ ಅಂಗಿಯ ಮೇಲುಜೇಬಿನಿಂದ ಫೋನ್ ಜಾರುತ್ತದೆ. ಹಿಂಡಿ ಚೀಲ, ಹುಲ್ಲಿನ ಮೆದೆ, ಗೋದಲಿಗಳಲ್ಲಿ ಮೊದಲು ನೋಡಿ. ಮನೆಯವರ ಫೋನಿನಿಂದ ಕರೆ ಮಾಡಿಸಿ ಕಿವಿಗೊಡಿ. ಕತ್ತಲಾದ ಮೇಲೆ ಕರೆ ಮಾಡಿದರೆ ಪರದೆಯ ಬೆಳಕೂ ಕಾಣಬಹುದು.

ಈ ಹಂತದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಫೋನ್ ಸಿಗುವವರೆಗೆ ಆ ಮೇವನ್ನು ಕತ್ತರಿಸುವ ಯಂತ್ರಕ್ಕೆ ಹಾಕಬೇಡಿ. ಬ್ಯಾಟರಿ ತುಂಡಾದರೆ ಬೆಂಕಿ ಹೊತ್ತಿಕೊಳ್ಳಬಹುದು. ಲೋಹದ ಚೂರುಗಳು ಮೇವಿನಲ್ಲಿ ಬೆರೆತರೆ ಹಸು ಅವನ್ನೂ ನುಂಗುತ್ತದೆ. ಅವು ಎರಡನೆಯ ಹೊಟ್ಟೆಯಲ್ಲಿ ನಿಂತು ಹೃದಯದ ಕಡೆಗೆ ಚುಚ್ಚಿದರೆ ರಾಸು ಉಳಿಯುವುದು ಕಷ್ಟ. ಎರಡನೆಯದಾಗಿ, ಫೋನ್ ಗೋಬರ್ ಗ್ಯಾಸ್ ಗುಂಡಿಗೆ ಬಿದ್ದಿದ್ದರೆ ಯಾವ ಕಾರಣಕ್ಕೂ ಒಳಗೆ ಇಳಿಯಬೇಡಿ. ಅಲ್ಲಿನ ವಿಷಾನಿಲ ಕ್ಷಣಾರ್ಧದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಹೋದ ಫೋನಿಗಾಗಿ ಜೀವ ಕಳೆದುಕೊಳ್ಳಬಾರದು.

ಇನ್ನೊಂದು ಫೋನಿನಿಂದ ಪತ್ತೆ

ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್ ಕಂಪನಿಯ ‘ಫೈಂಡ್ ಹಬ್’ ಎಂಬ ಸೌಲಭ್ಯವಿದೆ. 2025ಕ್ಕೆ ಮೊದಲು ಇದರ ಹೆಸರು ‘ಫೈಂಡ್ ಮೈ ಡಿವೈಸ್’ ಎಂದಿತ್ತು. ಮನೆಯವರ ಫೋನಿನಲ್ಲಿ ಇದನ್ನು ತೆರೆದು, ಕಳೆದ ಫೋನಿನಲ್ಲಿದ್ದ ಗೂಗಲ್ ಖಾತೆಯ ವಿಳಾಸ ಮತ್ತು ಪಾಸ್‌ವರ್ಡ್ ಕೊಟ್ಟರೆ ಫೋನ್ ಇರುವ ಜಾಗ ನಕ್ಷೆಯಲ್ಲಿ ಕಾಣುತ್ತದೆ. ಸದ್ದು ಅಡಗಿಸಿಟ್ಟಿದ್ದರೂ ಐದು ನಿಮಿಷ ಜೋರಾಗಿ ಕೂಗುವಂತೆ ಮಾಡಬಹುದು. ದೂರದಿಂದಲೇ ಬೀಗ ಹಾಕಬಹುದು. ಆದರೆ ಫೋನಿಗೆ ಚಾರ್ಜ್ ಮತ್ತು ಇಂಟರ್ನೆಟ್ ಇದ್ದು, ಸ್ಥಳ ತೋರಿಸುವ ‘ಲೊಕೇಶನ್’ ಚಾಲೂ ಇದ್ದರೆ ಮಾತ್ರ ಇದು ಸರಿಯಾಗಿ ನಡೆಯುತ್ತದೆ. ಆದ್ದರಿಂದ ಫೋನ್ ಕೈಯಲ್ಲಿರುವಾಗಲೇ ಮಗ ಅಥವಾ ಮಗಳಿಂದ ಒಮ್ಮೆ ಪರೀಕ್ಷೆ ಮಾಡಿಸಿ. ನಕ್ಷೆಯಲ್ಲಿ ಅಪರಿಚಿತರ ಮನೆ ತೋರಿಸಿದರೆ ಒಬ್ಬರೇ ಹೋಗಿ ಜಗಳಕ್ಕೆ ನಿಲ್ಲದೆ ಪೊಲೀಸರಿಗೆ ತಿಳಿಸಿ.

ಕಳುವಾಗಿದ್ದರೆ ಮಾಡಬೇಕಾದ ಕ್ರಮಗಳು

1. ಕೂಡಲೇ ಬ್ಯಾಂಕಿಗೆ ತಿಳಿಸಿ ಫೋನ್ ಮೂಲಕ ಹಣ ಪಾವತಿಯನ್ನು ನಿಲ್ಲಿಸಿ. ಹಣ ಹೋಗಿದ್ದರೆ 1930 ಸಹಾಯವಾಣಿಗೆ ಆ ಕ್ಷಣವೇ ಕರೆ ಮಾಡಿ.

2. ಕಂಪನಿಗೆ ಹೇಳಿ ಹಳೆಯ ಸಿಮ್ ನಿಲ್ಲಿಸಿ, ಅದೇ ನಂಬರಿನ ಹೊಸ ಸಿಮ್ ಪಡೆಯಿರಿ. ಹೊಸ ಸಿಮ್‌ಗೆ ಮೊದಲ 24 ಗಂಟೆ ಸಂದೇಶಗಳು ಬಾರದಿರಬಹುದು.

3. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಪಡೆಯಿರಿ.

4. ಕೇಂದ್ರ ದೂರಸಂಪರ್ಕ ಇಲಾಖೆಯು 2023ರ ಮೇ ತಿಂಗಳಲ್ಲಿ ಆರಂಭಿಸಿದ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ 15 ಅಂಕಿಗಳ ಸಂಖ್ಯೆ, ದೂರಿನ ಪ್ರತಿ, ಗುರುತಿನ ಚೀಟಿಗಳೊಂದಿಗೆ ಅರ್ಜಿ ಹಾಕಿ. ಖರೀದಿ ರಸೀದಿ ಇದ್ದರೆ ಅದನ್ನೂ ಜೊತೆಗಿಡಿ. ಇದಕ್ಕೆ ಶುಲ್ಕವಿಲ್ಲ.

ಅರ್ಜಿಯ ನಂತರ ಆ ಫೋನ್ ದೇಶದ ಯಾವ ಕಂಪನಿಯ ಜಾಲದಲ್ಲೂ ಕೆಲಸ ಮಾಡುವುದಿಲ್ಲ. ಯಾರಾದರೂ ಬೇರೆ ಸಿಮ್ ಹಾಕಿದರೆ ಆ ಮಾಹಿತಿ ಪೊಲೀಸರಿಗೆ ಹೋಗುತ್ತದೆ. ಫೋನ್ ಸಿಕ್ಕಿದ ಮೇಲೆ ಅದೇ ಜಾಲತಾಣದಲ್ಲಿ ತಡೆ ತೆಗೆಸಬೇಕು. ಅರ್ಜಿ ಹಾಕಿದಾಗ ಕೊಟ್ಟ ಸಂಖ್ಯೆ ಆಗ ಬೇಕಾಗುತ್ತದೆ, ಜೋಪಾನವಾಗಿಡಿ.

“ನಿಮ್ಮ ಫೋನ್ ಸಿಕ್ಕಿದೆ, ಓಟಿಪಿ ಹೇಳಿ” ಎಂದು ಕರೆ ಬಂದರೆ ನಂಬಬೇಡಿ. ಫೋನ್ ಹುಡುಕಿಕೊಡಲು ಓಟಿಪಿ ಬೇಕಾಗಿಲ್ಲ.

ಹಳೆಯ ಫೋನ್ ಕೊಳ್ಳುವವರಿಗೆ

ಸಂತೆಯಲ್ಲಿ ರಾಸಿನ ಹಲ್ಲು ನೋಡದೆ ವ್ಯಾಪಾರ ಮಾಡುವಿರಾ? ಹಾಗೆಯೇ ಹಳೆಯ ಫೋನ್ ಕೊಳ್ಳುವ ಮೊದಲು ಇಂಗ್ಲಿಷಿನಲ್ಲಿ ಕೆ, ವೈ, ಎಂ ಅಕ್ಷರಗಳನ್ನು ಬರೆದು, ಸ್ವಲ್ಪ ಜಾಗ ಬಿಟ್ಟು ಅದರ 15 ಅಂಕಿಗಳನ್ನು ಸೇರಿಸಿ 14422ಕ್ಕೆ ಸಂದೇಶ ಕಳುಹಿಸಿ. ತಡೆಹಿಡಿದ ಫೋನ್ ಎಂದು ಉತ್ತರ ಬಂದರೆ ಕೊಳ್ಳಬೇಡಿ.

ಇಂದೇ ಮಾಡಿ

ಸಂಜೆ ಹಾಲು ಹಾಕಲು ಸಂಘಕ್ಕೆ ಹೋಗುವಾಗ ಫೋನ್ ಮತ್ತು ಪಾಸ್ ಪುಸ್ತಕ ಎರಡನ್ನೂ ಒಯ್ಯಿರಿ. ಸಾಲಿನಲ್ಲಿ ನಿಂತಿರುವಾಗಲೇ *#06# ಒತ್ತಿ ಆ ಸಂಖ್ಯೆಯನ್ನು ಬರೆದುಕೊಳ್ಳಿ. ಓದು ಬಾರದ ಸದಸ್ಯರಿದ್ದರೆ ಪಕ್ಕದವರು ಬರೆದುಕೊಡಿ. ಸಂಘದ ಕಾರ್ಯದರ್ಶಿ, ಪಶುವೈದ್ಯರು ಮತ್ತು ಕೃತಕ ಗರ್ಭಧಾರಣೆ ಕಾರ್ಯಕರ್ತರ ನಂಬರುಗಳನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ಆಗ ಫೋನ್ ಕಳೆದ ದಿನವೂ ನೆರೆಮನೆಯ ಫೋನಿನಿಂದ ಕರೆ ಮಾಡಬಹುದು, ಬೆದೆ ತಪ್ಪುವುದಿಲ್ಲ.